ಸುತ್ತಿಗೆಗೆ ಸ್ಕೋರ್ ಹೇಳಿಕೊಟ್ಟವರು

ನನ್ನ ತಮ್ಮನಿಗೆ ಜನ ಇಟ್ಟ ಹೆಸರು ಸುತ್ತಿಗೆ. ಗಾಜಿನ ಅಂಗಡಿಯವನಿಗೆ ಸುತ್ತಿಗೆ ಎಂದು ಹೆಸರಿಡುವವರ ಬುದ್ಧಿಗೆ ಏನು ಹೇಳಬೇಕೋ. ಅಂಗಡಿಗೆ ಫೋನ್ ಮಾಡಿ ಯಾರಾದರೂ "ಸುತ್ತಿಗೆ ಇದಾನಾ?" ಎಂದು ಕೇಳಿದರೆ, "ಇಲ್ಲಿ ಒಡೆಯೋ ಕೆಲಸ ಇಲ್ಲ, ಕೂರಿಸೋ ಕೆಲಸ ಮಾತ್ರ" ಎಂದು ಇಟ್ಟುಬಿಡುತ್ತಿದ್ದೆ. ಅವನು ಹಿಂದಿನಿಂದ ನಗುತ್ತಿದ್ದ. ಅವನಿಗೆ ಆ ಹೆಸರೆಂದರೆ ಪ್ರಾಣ. ಅಪ್ಪ ಅಮ್ಮ ಇಟ್ಟ ಹೆಸರು ಕೂಗಿದರೆ ಅರ್ಧ ತಿರುಗುವವನು ಸುತ್ತಿಗೆ ಎಂದರೆ ಪೂರ್ತಿ ತಿರುಗುತ್ತಿದ್ದ.

ಹೆಸರು ಬಂದದ್ದು ಫುಟ್‌ಬಾಲಿನಿಂದ. ಅವನದು ಹಿಂದೆ ನಿಂತು ಗೋಲು ಕಾಯುವವರ ಸಾಲು. ಎದುರಾಳಿಗಳು ಎತ್ತರಕ್ಕೆ ಒದ್ದ ಚೆಂಡು ಇಳಿಯುವಾಗ ಎಲ್ಲರಿಗಿಂತ ಮೊದಲು ಹಾರಿ ಹಣೆಯಿಂದ ಹೊಡೆಯುತ್ತಿದ್ದ. ಚೆಂಡು ಬಂದಷ್ಟೇ ದೂರ ವಾಪಸು ಹೋಗುತ್ತಿತ್ತು. ಎದುರಿಗೆ ಇನ್ನೊಂದು ತಲೆ ಇದೆಯೋ, ಮೊಣಕೈ ಇದೆಯೋ, ಕಬ್ಬಿಣದ ಕಂಬವೇ ಇದೆಯೋ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ.

ಚಿಕ್ಕಂದಿನಿಂದಲೂ ಕಾಲಿಗೆ ಚಕ್ರ ಕಟ್ಟಿಕೊಂಡವನು. ಊಟಕ್ಕೆ ಕೂತರೂ ಮೇಜಿನ ಕೆಳಗೆ ಮೊಣಕಾಲು ಕುಣಿಯುತ್ತಿತ್ತು, ಮೇಲಿದ್ದ ನೀರಿನ ಲೋಟ ನಡುಗುತ್ತಿತ್ತು. ಆಟ ಆಡಿ ಬಂದ ದಿನ ಮಾತ್ರ ಲೋಟ ಸುಮ್ಮನಿರುತ್ತಿತ್ತು. ಅದನ್ನು ನೋಡಿಯೇ ಬೆಳೆದವಳು ನಾನು. ನನ್ನ ಬಾಯಿ ಎಂಥದು ಎಂದು ಇಡೀ ಬೀದಿಗೆ ಗೊತ್ತು, ಆದರೆ ಆಟ ಬಿಡು ಎಂದು ಅವನಿಗೆ ಹೇಳಲು ಮಾತ್ರ ನಾಲಿಗೆ ಹೊರಳುತ್ತಿರಲಿಲ್ಲ.

ಅಂಗಡಿ ಅಪ್ಪನದು. ಮುಂದೆ ತಗಡಿನ ಬಾಗಿಲು, ಒಳಗೆ ಗೋಡೆಗೊರಗಿಸಿದ ಗಾಜಿನ ಹಾಳೆಗಳು, ನಡುವೆ ಕಂಬಳಿ ಹೊದಿಸಿದ ದೊಡ್ಡ ಮೇಜು. ನಾನು ಅಳತೆ ತರುವವಳು, ಅವನು ಕತ್ತರಿಸುವವನು. ಅಪ್ಪ ಕಲಿಸಿದ ಕ್ರಮ ಒಂದಿದೆ, ಅದನ್ನು ನಾವು ಒಂದು ದಿನವೂ ಮುರಿದವರಲ್ಲ. ನಾನು ಅಳತೆ ಕೂಗಬೇಕು. ಅವನು ಅದನ್ನೇ ತಿರುಗಿ ಹೇಳಬೇಕು. ಸರಿಯಿದ್ದರೆ ನಾನು "ಎಳಿ" ಎನ್ನಬೇಕು, ಆಮೇಲೆಯೇ ಅವನ ಕೈಯ ಕೊರೆಯುವ ಚಕ್ರ ಗಾಜಿಗೆ ತಾಗಬೇಕು. ನಡುವೆ ಏನಾದರೂ ತಪ್ಪು ಕಂಡರೆ ಒಂದೇ ಮಾತು, "ಕೈ ಎತ್ತು." ಆ ಮಾತು ಕೇಳಿದ ತಕ್ಷಣ ಕೈ ಎತ್ತಬೇಕು, ಯಾಕೆ, ಏನು ಎಂದು ಕೇಳುವುದೆಲ್ಲ ಆಮೇಲೆ. ಗಾಜಿನ ಮೇಲೆ ಗೆರೆ ಬಿದ್ದ ಮೇಲೆ ಮಾತಾಡಿ ಏನು ಬಂತು?

ಹೀಗೆ ತಿರುಗಿ ಹೇಳುವುದು ಅವನಿಗೆ ಉಸಿರಾಟದ ಹಾಗೆ ಆಗಿಹೋಗಿತ್ತು. ಅದಕ್ಕೊಂದು ರಾಗವೂ ಇತ್ತು: ಒಂದೊಂದೇ ಅಂಕಿ ಬಿಡಿಬಿಡಿಯಾಗಿ, ಕೊನೆಯದನ್ನು ಒತ್ತಿ. ಮನೆಯಲ್ಲೂ ಅದೇ. ಹೆಂಡತಿ, "ಬರ್ತಾ ಸೋಪು, ಬ್ರೆಡ್ಡು, ಬಲ್ಬು ತನ್ನಿ" ಎಂದರೆ, "ಸೋಪು, ಬ್ರೆಡ್ಡು, ಬಲ್ಬು" ಎಂದು ಅಂಗಡಿಯ ರಾಗದಲ್ಲೇ ಹೇಳಿ ಹೊರಡುತ್ತಿದ್ದ. ನಾವು ನಗುತ್ತಿದ್ದೆವು. ಈಚೆಗೆ ಹಾಗೆ ಹೇಳಿ ಹೋದವನು ಬರಿಗೈಯಲ್ಲಿ ಬರತೊಡಗಿದ್ದ. ಮೊದಲೆರಡು ಸಲ ಅದಕ್ಕೂ ನಕ್ಕೆವು.

ತಲೆಗೆ ಪೆಟ್ಟು ಬಿದ್ದದ್ದು ಒಂದು ಸಲ ಅಲ್ಲ. ಮೊದಲ ಸಲ ಎದುರಾಳಿ ಗೋಲ್‌ಕೀಪರನ ಮೊಣಕಾಲು ಕಿವಿಯ ಮೇಲೆ ಬಡಿದಿತ್ತು. ಮನೆಗೆ ಬಂದು ವಾಂತಿ ಮಾಡಿಕೊಂಡ, ಮಾರನೆಯ ದಿನ ಹಲ್ಲು ಕಿರಿಯುತ್ತ ಅಂಗಡಿಗೆ ಬಂದ. ಎರಡನೆಯ ಸಲ, ಮೈದಾನದಿಂದ ಕರೆತರುವಾಗ ದಾರಿಯುದ್ದಕ್ಕೂ ಒಂದೇ ಪ್ರಶ್ನೆ ಕೇಳಿದನಂತೆ, "ನನ್ನ ಚೀಲ ಎಲ್ಲಿ?" ಚೀಲ ಅವನ ಹೆಗಲಲ್ಲೇ ಇತ್ತು. ಅದಾದ ಮೇಲೆ ಬಿದ್ದದ್ದು ಮಾತ್ರ ನಗೆಗೆ ಎಡೆ ಕೊಡಲಿಲ್ಲ. ಬಿಸಿಲು ಗಾಜಿಗೆ ಬಿದ್ದು ಹೊಳೆದರೆ ಕಣ್ಣಿಗೆ ಸೂಜಿ ಚುಚ್ಚಿದ ಹಾಗಾಗುತ್ತದೆ ಎಂದು ಅಂಗಡಿಯೊಳಗೂ ಟೋಪಿ ಹಾಕತೊಡಗಿದ. ಒಂದು ಸಂಜೆ ಮಗಳು ಚಮಚ ಬೀಳಿಸಿದಳೆಂದು ಬಾಯಿಗೆ ಬಂದ ಹಾಗೆ ಬೈದ. ಅವಳು ಅಳಲೂ ಇಲ್ಲ, ಕಣ್ಣು ಬಿಟ್ಟುಕೊಂಡು ನೋಡುತ್ತ ನಿಂತಳು. ಅವನು ಒಳಗೆ ಹೋಗಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟ. ಆ ಟವೆಲು ಬಿಡಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಡಾಕ್ಟರು ಒಳ್ಳೆಯ ಮನುಷ್ಯ, ಸುತ್ತಿ ಬಳಸಿ ಮಾತಾಡುವವರಲ್ಲ. "ಇಷ್ಟೆಲ್ಲ ಪೆಟ್ಟು ತಿಂದೂ ಚೆನ್ನಾಗಿರೋರು ಇದಾರೆ, ಇಲ್ಲ ಅನ್ನಲ್ಲ. ಹಾಳಾದೋರೂ ಇದಾರೆ. ನೀವು ಯಾವ ಕಡೆ ಅಂತ ಮುಂಚೆ ಹೇಳೋಕೆ ನನ್ನ ಕೈಲಾಗಲ್ಲ. ಆದ್ರೆ ಇದು ವಾಸಿಯಾಗೋ ಮುಂಚೆ ಇನ್ನೊಂದು ಬಿತ್ತೋ, ಆಮೇಲೆ ನನ್ನ ಹತ್ರ ಬಂದು ಪ್ರಯೋಜನ ಇಲ್ಲ" ಎಂದರು. ತಮ್ಮ ಅದನ್ನೂ ತಿರುಗಿ ಹೇಳಿದ, "ಪ್ರಯೋಜನ ಇಲ್ಲ." ಹೊರಗೆ ಬಂದು, "ಅವ್ರಿಗೂ ಗ್ಯಾರಂಟಿ ಗೊತ್ತಿಲ್ಲ ಅಂದ್ರಲ್ಲ" ಎಂದ.

ಸೆಮಿಫೈನಲ್ ಹತ್ತಿರ ಬಂದಿತ್ತು. ತಂಡದ ಕೋಚು ದಿನಾ ಅಂಗಡಿಗೆ ಬಂದು ಮೇಜಿಗೊರಗಿ ನಿಲ್ಲುವುದು, ನಾನು ಎದ್ದು ಒರಗಬೇಡಿ ಗಾಜಿದೆ ಎನ್ನುವುದು. "ಎರಡೇ ಮ್ಯಾಚು. ಕಪ್ ಎತ್ತಿ ನಿಲ್ಲಿಸಿಬಿಡೋಣ" ಎಂದು ಆತ ತಮ್ಮನ ಕಿವಿಯಲ್ಲಿ ಊದುತ್ತಿದ್ದ. ಕೆಟ್ಟವನೇನಲ್ಲ. ಸುತ್ತಿಗೆ ಇಲ್ಲದ ತಂಡವನ್ನು ನೆನೆದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ, ಅಷ್ಟೇ. ಇತ್ತ ತಮ್ಮನ ಹೆಂಡತಿ ನನ್ನ ಹಿಂದೆ ಬಿದ್ದಿದ್ದಳು. "ನಾನು ಹೇಳಿದ್ರೆ ಈ ಕಿವೀಲಿ ಹೋಗಿ ಆ ಕಿವೀಲಿ ಬರುತ್ತೆ ಅತ್ತಿಗೆ. ನೀವು ಹೇಳಿ. ನಿಮಗಾದ್ರೆ ಹೆದರ್ತಾರೆ."

ಹೇಳಿದೆ. ಪೀಠಿಕೆ ಹಾಕಿ ನನಗೆ ಅಭ್ಯಾಸವಿಲ್ಲ. "ಸಾಕು ಬಿಡೋ. ಆ ಚೆಂಡಿಗೆ ನಿನ್ನ ತಲೆ ಬಿಟ್ರೆ ಬೇರೆ ಗತಿ ಇಲ್ವಾ?"

ಅವನು ಮೇಜಿನ ಮೇಲಿದ್ದ ನನ್ನ ಎಡಗೈ ಎತ್ತಿಕೊಂಡ. ಅದರ ತುಂಬ ಗಾಜು ಕೊರೆದ ಹಳೆಯ ಗೆರೆಗಳು. "ಅಪ್ಪಂಗೆ ಒಂದು ಬೆರಳೇ ಹೋಯ್ತು. ಅಂಗಡಿ ಮುಚ್ಚಿದ್ರಾ? ನಿಂದು ಈ ನರ ಕುಯ್ದಾಗ ನೀನು ಕೆಲಸ ಬಿಟ್ಯಾ? ಬ್ಯಾಂಡೇಜ್ ಸುತ್ಕೊಂಡು ಮಾರನೇ ದಿನ ಬಂದೆ. ನಾನು ಬಿಡು ಅಂದ್ನಾ ಅಕ್ಕ?"

ಕೈ ಕಿತ್ತುಕೊಂಡೆ. ಉತ್ತರ ಹೊಳೆಯದಿದ್ದಾಗ ನನಗೆ ಬರುವುದು ಸಿಟ್ಟು. "ಬೆರಳೂ ತಲೇನೂ ಒಂದೇನೋ, ಮಂಕೇ" ಎಂದು ರೇಗಿ ಒಳಗೆ ಹೋದೆ. ರಾತ್ರಿಯೆಲ್ಲ ಅದೇ ತಲೆ ತಿಂದಿತು. ಬೆರಳು ಹೋದರೆ ಹೋಯಿತು ಎಂದು ಕಣ್ಣಿಗೆ ಕಾಣುತ್ತದೆ, ಉಳಿದವನ್ನು ಜೋಪಾನ ಮಾಡುತ್ತೇವೆ. ತಲೆಯೊಳಗೆ ಹೋದದ್ದನ್ನು ನೋಡಬೇಕಾದ್ದೂ ಆ ತಲೆಯೇ ಅಲ್ಲವೆ? ಇದನ್ನು ಬೆಳಿಗ್ಗೆ ಹೇಳಬೇಕೆಂದುಕೊಂಡೆ. ಹೇಳಲು ಆಗಲಿಲ್ಲ, ಯಾಕೆಂದರೆ ಬೆಳಿಗ್ಗೆ ಬೇರೆಯೇ ಒಂದು ನಡೆಯಿತು.

ಸೆಮಿಫೈನಲ್ ದಿನ. ಮಧ್ಯಾಹ್ನ ಆಟ, ಬೆಳಿಗ್ಗೆ ಪಕ್ಕದ ಬೀದಿಯ ದರ್ಜಿಯ ಕನ್ನಡಿಯೊಂದು ಕತ್ತರಿಸಿ ಕೊಡಬೇಕಿತ್ತು. ನಾನು ಕೂಗಿದೆ, "ಇಪ್ಪತ್ತೆಂಟೂವರೆ, ಹದಿನಾರು." ಅವನು ಹೇಳಿದ, "ಇಪ್ಪತ್ತೆಂಟೂವರೆ, ಹದಿನಾರು." ನಾನು, "ಎಳಿ." ಗೆರೆ ಎಳೆದ, ಅಂಚಿಗೆ ತಂದು ಟಪ್ಪೆಂದು ಮುರಿದ. ಎಂದಿನ ಹಾಗೆ ನೂಲು ಹಿಡಿದ ಗೆರೆ. ಆದರೆ ಕನ್ನಡಿ ಒಂದು ಗೇಣು ಗಿಡ್ಡ.

"ಏನೋ ಇದು?" ಎಂದೆ.

"ಯಾಕೆ? ಇಪ್ಪತ್ತೆಂಟೂವರೆ, ಹದಿನಾರು." ಆ ಗಿಡ್ಡ ಕನ್ನಡಿಯನ್ನೇ ತೋರಿಸುತ್ತ ಅದೇ ರಾಗದಲ್ಲಿ ಹೇಳಿದ. ಟೇಪು ಹಿಡಿದು ತೋರಿಸಿದೆ. ಟೇಪು ನೋಡಿದ, ಕನ್ನಡಿ ನೋಡಿದ, ಕನ್ನಡಿಯಲ್ಲಿ ಕಂಡ ತನ್ನ ಮುಖ ನೋಡಿದ. "ನಿದ್ದೆ ಸಾಲ್ಲಿಲ್ಲ" ಎಂದು ನಕ್ಕ. ತಪ್ಪು ಕತ್ತರಿಸುವುದು ಯಾರಿಗೂ ಇದ್ದದ್ದೇ. ತಪ್ಪಾಗಿ ಕೇಳಿಸಿಕೊಂಡು ಕತ್ತರಿಸಬಹುದು, ಸರಿ ಕೇಳಿಸಿಕೊಂಡು ಟೇಪು ಜಾರಬಹುದು. ಬಾಯಲ್ಲಿ ಒಂದು ಅಂಕಿ, ಕೈಯಲ್ಲಿ ಇನ್ನೊಂದು, ಎರಡರ ನಡುವೆ ಯಾರೂ ಇಲ್ಲ ಎಂಬಂಥದ್ದನ್ನು ನಾನು ನೋಡಿರಲಿಲ್ಲ.

ಆ ಕ್ಷಣದಿಂದ ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಹೋಗಬೇಡ ಎಂದೆ. ಅವನು ಬೂಟಿನ ಲಾಡಿ ಬಿಗಿಯುತ್ತಿದ್ದ, ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಬಾಗಿಲಿಗೆ ಅಡ್ಡ ನಿಂತೆ. "ಅಕ್ಕ, ಜನ ಕಾಯ್ತಾ ಇರ್ತಾರೆ" ಎಂದು ಮೆಲ್ಲಗೆ ನನ್ನ ಹೆಗಲು ಹಿಡಿದು ಪಕ್ಕಕ್ಕೆ ಸರಿಸಿ ಹೋದ. ಸ್ವಲ್ಪ ಹೊತ್ತು ಅಂಗಡಿಯೊಳಗೆ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡಿದೆ. ಆಮೇಲೆ ತಗಡಿನ ಬಾಗಿಲು ಎಳೆದು ಬೀಗ ಹಾಕಿ ಮೈದಾನದ ದಾರಿ ಹಿಡಿದೆ. ಅವನ ಆಟ ನೋಡಲು ನಾನು ಹೋದದ್ದು ಅದೇ ಮೊದಲು. ಅವನು ಹಾರುವುದನ್ನು ಕಣ್ಣಾರೆ ನೋಡುವ ಧೈರ್ಯ ನನಗೆ ಎಂದೂ ಬಂದಿರಲಿಲ್ಲ.

ಸಿಮೆಂಟಿನ ಮೆಟ್ಟಿಲುಗಳ ತುಂಬ ಜನ. ಮೆಟ್ಟಿಲ ಮುಂದೆ ಕಂಬಿ, ಕಂಬಿಯಾಚೆ ಹುಲ್ಲಿಗಿಂತ ಮಣ್ಣೇ ಹೆಚ್ಚಿದ್ದ ಮೈದಾನ. ನಾನು ಒಬ್ಬ ನಿವೃತ್ತ ಬಸ್ ಕಂಡಕ್ಟರನ ಪಕ್ಕ ಕೂತೆ. ಸುತ್ತಿಗೆಯ ಅಕ್ಕ ಎಂದು ತಿಳಿದದ್ದೇ ಆತ ತನ್ನ ಪಕ್ಕದಲ್ಲಿದ್ದವನನ್ನು ತಳ್ಳಿ ನನಗೆ ಅಗಲವಾಗಿ ಜಾಗ ಮಾಡಿದ. ತಂಡ ಎರಡು ಒಂದರಿಂದ ಮುಂದಿತ್ತು. ತಮ್ಮ ಹಾರಿದಾಗಲೆಲ್ಲ ಮೆಟ್ಟಿಲೇ ಎದ್ದು ನಿಲ್ಲುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಅವನು ಗಾಳಿಯಲ್ಲಿ ನಿಂತ ರೀತಿ ನೋಡಿ ನನಗೂ ಹೆಮ್ಮೆಯಾಯಿತು. ನನ್ನ ಮೇಲೆ ನನಗೇ ಕೋಪವೂ ಬಂತು.

ಆಟ ಮುಗಿಯುತ್ತ ಬಂದಿತ್ತು. ಮೂಲೆಯಿಂದ ಚೆಂಡು ಬಂತು. ಅವನೂ ಎದುರಾಳಿಯೊಬ್ಬನೂ ಒಟ್ಟಿಗೆ ಹಾರಿದರು. ಎರಡು ತಲೆ ತಾಗಿದ ಸದ್ದು ಮೆಟ್ಟಿಲಿನವರೆಗೆ ಕೇಳಿಸಿತು. ತಮ್ಮ ಬಿದ್ದ ರೀತಿಯಲ್ಲಿ ಕೈ ಊರುವ ಪ್ರಯತ್ನವೂ ಇರಲಿಲ್ಲ.

ಬಕೆಟ್ಟು ಹಿಡಿದು ನೀರಿನವನು ಓಡಿದ, ರೆಫರಿ ಬಂದ. ತಮ್ಮನನ್ನು ಎಬ್ಬಿಸಿ ಕೂರಿಸಿದರು. ರೆಫರಿ ಬಗ್ಗಿ ಏನೋ ಕೇಳಿದ. ಅಷ್ಟರಲ್ಲಿ ನನ್ನ ಸುತ್ತ ಇದ್ದ ಜನರೆಲ್ಲ ಎದ್ದು ಒಂದೇ ದನಿಯಲ್ಲಿ ಕೂಗಿದರು, "ಎರಡು, ಒಂದು. ಎರಡು, ಒಂದು." ಚಪ್ಪಾಳೆ ತಟ್ಟಿ ತಾಳ ಹಾಕಿ ಕೂಗಿದರು.

"ಏನಿದು?" ಎಂದು ಕಂಡಕ್ಟರನನ್ನು ಕೇಳಿದೆ.

"ಇದು ನಮ್ಮ ಪದ್ಧತಿ ಅಕ್ಕ" ಎಂದು ಆತ ಹೆಮ್ಮೆಯಿಂದ ಹೇಳಿದ. "ತಲೆಗೆ ಪೆಟ್ಟು ಬಿದ್ರೆ ರೆಫರಿ ಸ್ಕೋರ್ ಕೇಳ್ತಾನೆ. ಗೊತ್ತಿಲ್ಲ ಅಂದ್ರೆ ಆಚೆ ಕಳಿಸ್ತಾನೆ. ಹಿಂದೊಂದ್ಸಲ ನಮ್ಮ ಸುತ್ತಿಗೆ ತಡವರಿಸ್ದ, ಯಾರೋ ಇಲ್ಲಿಂದ ಕೂಗಿ ಹೇಳ್ಕೊಟ್ರು. ಎಲ್ಲ ನಕ್ಕುಬಿಟ್ರು. ಆವತ್ತಿಂದ ಅವನು ಬಿದ್ದಾಗೆಲ್ಲ ನಾವೇ ಹೇಳ್ತೀವಿ. ನಮ್ಮ ಹುಡುಗನ್ನ ನಾವು ಬಿಟ್ಟುಕೊಡ್ತೀವಾ?"

ಕೂಗು ನಿಂತಿತು. ಮೈದಾನದಿಂದ ತಮ್ಮನ ದನಿ ತೇಲಿಬಂತು. "ಎರಡು. ಒಂದು."

ಬಿಡಿಬಿಡಿಯಾಗಿ, ಕೊನೆಯದನ್ನು ಒತ್ತಿ. ಬೆಳಿಗ್ಗೆ ಗಿಡ್ಡ ಕನ್ನಡಿ ತೋರಿಸುತ್ತ ಹೇಳಿದ ಅದೇ ರಾಗ. ರೆಫರಿ ತಲೆಯಾಡಿಸಿದ. ತಮ್ಮ ಎದ್ದು ನಿಂತ. ಮೆಟ್ಟಿಲು ಭೋರ್ಗರೆಯಿತು. ಆ ಸದ್ದಿನಲ್ಲಿ ನನಗೆ ಒಂದೇ ಸಮನೆ ಅನ್ನಿಸಿದ್ದು ಇಷ್ಟು: ಇವರು ಕೂಗುತ್ತಾರೆ, ಅವನು ತಿರುಗಿ ಹೇಳುತ್ತಾನೆ, ರೆಫರಿ ಎಳಿ ಎನ್ನುತ್ತಾನೆ. ಅವನಿಗೆ ಗೊತ್ತಿದೆಯೇ ಎಂದು ಯಾರೂ ಕೇಳಿಯೇ ಇಲ್ಲ.

ಕಂಬಿ ದಾಟಿದ್ದು ಹೇಗೋ ನೆನಪಿಲ್ಲ, ಸೀರೆಯ ಅಂಚು ಹರಿದದ್ದು ಆಮೇಲೆ ನೋಡಿದೆ. ನೀರಿನವನು, "ಒಳಗೆ ಬರಬಾರ್ದು ಅಮ್ಮ" ಎಂದು ಅಡ್ಡ ಬಂದ. "ನೀನು ಪಕ್ಕಕ್ಕೆ ಹೋಗು, ಇಲ್ಲಾಂದ್ರೆ ಆ ಬಕೆಟ್ಟು ನಿನ್ನ ತಲೆ ಮೇಲಿರುತ್ತೆ" ಎಂದೆ. ರೆಫರಿ ಸೀಟಿ ಊದಿದ. ಊದಿಕೊಳ್ಳಲಿ. ನೇರ ಹೋಗಿ ತಮ್ಮನ ಎದುರು ನಿಂತೆ. ಹುಬ್ಬಿನ ಮೇಲೆ ರಕ್ತ ಇಳಿಯುತ್ತಿತ್ತು. ನನ್ನನ್ನು ನೋಡಿ ಆಶ್ಚರ್ಯವಾಗಲಿಲ್ಲ ಅವನಿಗೆ. ಅಂಗಡಿಯಲ್ಲಿ ಮೇಜಿನ ಆಚೆ ನಿಂತವಳನ್ನು ನೋಡುವ ಹಾಗೆ ನೋಡಿದ.

"ಬೆಳಿಗ್ಗೆ ಯಾರ ಕನ್ನಡಿ ಕತ್ತರಿಸಿದ್ವಿ?" ಎಂದು ಕೇಳಿದೆ.

ಅವನು ಮೆಟ್ಟಿಲಿನ ಕಡೆ ಮುಖ ತಿರುಗಿಸಿದ. ಅಲ್ಲಿಂದ ಉತ್ತರ ಬರುತ್ತದೆ ಎಂದು ಕಾಯ್ದ. ಅಷ್ಟು ಜನರಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ. ಅವನು ಮಗುವಿನ ಹಾಗೆ ಕಾಯುತ್ತಲೇ ಇದ್ದ. ಆಮೇಲೆ ನನ್ನ ಕಡೆ ತಿರುಗಿ, ಬಿಡಿಬಿಡಿಯಾಗಿ, ಕೊನೆಯದನ್ನು ಒತ್ತಿ ಹೇಳಿದ. "ಬೆಳಿಗ್ಗೆ. ಯಾರ ಕನ್ನಡಿ. ಕತ್ತರಿಸಿದ್ವಿ."

ಹೇಳಿ, ನಾನು ಎಳಿ ಎನ್ನುವುದನ್ನು ಕಾಯುತ್ತ ನಿಂತ.

ನನಗೆ ಅಳು ಬಂತು. ಅಳಲು ಅದು ಹೊತ್ತಲ್ಲ. "ಕೈ ಎತ್ತು" ಎಂದೆ.

ಎತ್ತಿದ. ಕೈಯಲ್ಲಿ ಕೊರೆಯುವ ಚಕ್ರವಿಲ್ಲ, ಮುಂದೆ ಮೇಜಿಲ್ಲ, ಆದರೂ ಆ ಬಲಗೈ ತಕ್ಷಣ ಮೇಲೆದ್ದಿತು. ನಾನು ಅದನ್ನು ಹಿಡಿದುಕೊಂಡು ಹೊರಗೆ ಕರೆದುಕೊಂಡು ಬಂದೆ. ಆಸ್ಪತ್ರೆ ಮುಟ್ಟುವವರೆಗೆ ಬಿಡಲಿಲ್ಲ.

ಇದೊಂದೂ ಅವನಿಗೆ ನೆನಪಿಲ್ಲ. ಅದೇ ದೊಡ್ಡ ಕಷ್ಟವಾಯಿತು. ಆ ದಿನದ ಬೆಳಗೂ ಇಲ್ಲ, ಮೈದಾನವೂ ಇಲ್ಲ. ಜನರಿಂದ ಕೇಳಿ ಅವನು ತಿಳಿದುಕೊಂಡದ್ದು ಇಷ್ಟೇ: ಬಿದ್ದ, ಎದ್ದ, ಸ್ಕೋರ್ ಸರಿಯಾಗಿ ಹೇಳಿದ, ಅಷ್ಟರಲ್ಲಿ ಅಕ್ಕ ನುಗ್ಗಿ ಬಂದು ಎಲ್ಲರೆದುರು ಕೈ ಹಿಡಿದು ಎಳೆದುಕೊಂಡು ಹೋದಳು. ತಂಡ ಗೆದ್ದಿತು, ಫೈನಲಿನಲ್ಲಿ ಸೋತಿತು. ಸೋತದ್ದಕ್ಕೆ ಯಾರು ಕಾರಣ ಎಂದು ಬೀದಿ ಮಾತಾಡಿತು, ನನಗೆ ಕೇಳಿಸುವ ಹಾಗೆಯೇ ಮಾತಾಡಿತು.

ತಿಂಗಳುಗಟ್ಟಲೆ ಮುಖ ಊದಿಸಿಕೊಂಡಿದ್ದ. ಡಾಕ್ಟರು ಸದ್ಯಕ್ಕೆ ಗಾಜು ಕೊರೆಯಬೇಡ ಎಂದಿದ್ದರಿಂದ ಕೆಲಸ ಅದಲುಬದಲಾಗಿತ್ತು: ಅವನು ಅಳತೆ ಕೂಗುವುದು, ನಾನು ತಿರುಗಿ ಹೇಳಿ ಕತ್ತರಿಸುವುದು. ದಿನವಿಡೀ ನನ್ನೊಂದಿಗೆ ಆಡುತ್ತಿದ್ದ ಮಾತು ಆ ಅಂಕಿಗಳಷ್ಟೇ. ಮೊಣಕಾಲಿನ ಕುಣಿತ ಮೊದಲಿಗಿಂತ ಜೋರಾಯಿತು. ಬೂಟಿಗೆ ವಾರ ತಪ್ಪದೆ ಎಣ್ಣೆ ಹಚ್ಚಿ ಕಿಟಕಿಯಲ್ಲಿಡುತ್ತಿದ್ದ. "ಮುಂದಿನ ಸೀಸನ್ ಇಳಿಯೋದೇ. ಯಾರು ತಡೀತಾರೋ ನೋಡ್ತೀನಿ" ಎಂದು ಹೆಂಡತಿಗೆ ಹೇಳುತ್ತಿದ್ದ, ಗೋಡೆಯಾಚೆ ಇದ್ದ ನನಗೆ ಕೇಳಲಿ ಎಂದು. ನಾನು ನಡೆದದ್ದನ್ನೆಲ್ಲ ಹೇಳಿದರೆ, "ನೀನು ಕಟ್ಟಿ ಹೇಳ್ತಿದ್ದೀಯ. ನಾನು ಸ್ಕೋರ್ ಹೇಳಿದ್ದು ಇಡೀ ಊರು ಕೇಳಿದೆ" ಎನ್ನುತ್ತಿದ್ದ. ಅವನಿಗೆ ನೆನಪಿಲ್ಲದ್ದನ್ನು ಅವನಿಗೆ ಹೇಗೆ ನಂಬಿಸಲಿ? ತಲೆ ಚಚ್ಚಿಕೊಳ್ಳೋಣವೆಂದರೆ ಆ ಮಾತಿಗೂ ಹೆದರಿಕೆಯಾಗುತ್ತಿತ್ತು.

ಹೊಸ ಸೀಸನ್ನಿನ ಮೊದಲ ಆಟಕ್ಕೆ ಅವನೇ ನನ್ನನ್ನು ಹೊರಡಿಸಿದ. "ಬಾ, ನೋಡುವಿಯಂತೆ. ಎಲ್ಲರೂ ಬೀಳ್ತಾರೆ, ಎಲ್ಲರೂ ಏಳ್ತಾರೆ." ಬೂಟಿನ ಚೀಲ ಹೆಗಲಲ್ಲಿತ್ತು, ಆಟ ಮುಗಿದ ಮೇಲೆ ಕೋಚಿನ ಹತ್ತಿರ ಮಾತಾಡುವುದಿತ್ತಂತೆ. ಹೋಗಿ ಮೆಟ್ಟಿಲ ಮೇಲೆ ಕೂತೆವು. ಜನ ಅವನ ಬೆನ್ನು ತಟ್ಟಿದರು, ನನ್ನನ್ನು ನೋಡಿ ಸುಮ್ಮನಾದರು. ಅವನ ಜಾಗದಲ್ಲಿ ಈಗ ಒಬ್ಬ ಉದ್ದನೆಯ ಬಡಗಿ ಆಡುತ್ತಿದ್ದ. ಅವನಿಗೆ ಏಣಿ ಎಂದು ಹೆಸರಿಟ್ಟಾಗಿತ್ತು. ತಮ್ಮ ಕೂತಲ್ಲೇ ಪ್ರತಿ ಚೆಂಡಿಗೂ ಹಣೆ ಮುಂದೆ ಚಾಚುತ್ತಿದ್ದ. ಮೊಣಕಾಲು ಕುಣಿದು ಕುಣಿದು ನನ್ನ ಮೊಣಕಾಲಿಗೆ ತಾಗುತ್ತಿತ್ತು.

ಏಣಿ ಹಾರಿದ. ಎದುರಾಳಿಯ ಭುಜ ದವಡೆಗೆ ಬಡಿಯಿತು. ಬಿದ್ದ.

ನೀರಿನವನು ಓಡಿದ. ರೆಫರಿ ಬಗ್ಗಿ ಕೇಳಿದ. ಮೆಟ್ಟಿಲಿನ ಜನ ಎದ್ದು ತಾಳ ಹಾಕಿ ಕೂಗಿದರು, "ಒಂದು, ಒಂದು." ಏಣಿ ಮೆಲ್ಲಗೆ ನಮ್ಮ ಕಡೆ ಮುಖ ತಿರುಗಿಸಿದ. ಆ ಮುಖದಲ್ಲಿ ಏನೂ ಇರಲಿಲ್ಲ. ಕಾಯುವುದೊಂದೇ ಇತ್ತು.

ನನ್ನ ಪಕ್ಕದ ಮೊಣಕಾಲು ನಿಂತಿತು. ತಮ್ಮ ಅಷ್ಟು ವರ್ಷ ಆಡಿದ್ದರೂ ಆ ಮುಖವನ್ನು ಹೊರಗಿನಿಂದ ನೋಡಿದ್ದು ಅದೇ ಮೊದಲು. ಅವನು ಎದ್ದ. ಮೈದಾನಕ್ಕೆ ಬೆನ್ನು ಹಾಕಿ, ಮೆಟ್ಟಿಲಿನ ಕಡೆ ತಿರುಗಿ ನಿಂತ.

"ಬಾಯಿ ಮುಚ್ಚಿ" ಎಂದ. ಜೋರಾಗೇನೂ ಅಲ್ಲ. "ಕೇಳಿದ್ದು ಅವನನ್ನ. ನಿಮ್ಮನ್ನಲ್ಲ."

ಮುಂದಿನ ಸಾಲು ಸುಮ್ಮನಾಯಿತು, ಅದನ್ನು ನೋಡಿ ಹಿಂದಿನ ಸಾಲು. ಕಂಡಕ್ಟರ್ ತಟ್ಟಲು ಎತ್ತಿದ್ದ ಕೈಗಳನ್ನು ಹಾಗೆಯೇ ಕೆಳಗಿಳಿಸಿದ. ಮೈದಾನದಲ್ಲಿ ರೆಫರಿ ಇನ್ನೊಂದು ಸಲ ಕೇಳಿದ. ಏಣಿ ಬಾಯಿ ತೆರೆದ, ಮುಚ್ಚಿದ, ನಮ್ಮ ಕಡೆ ನೋಡಿದ. ಯಾರೂ ಏನೂ ಹೇಳಲಿಲ್ಲ. ಕೊನೆಗೆ ನೀರಿನವನು ಅವನ ತೋಳಿನ ಕೆಳಗೆ ಕೈ ಹಾಕಿ ಹೊರಗೆ ನಡೆಸಿಕೊಂಡು ಹೋದ.

ತಮ್ಮ ಕೂತ.

"ನಾನೂ ಹೀಗೇ ನೋಡಿದ್ನಾ ಅಕ್ಕ?"

"ಹೂಂ."

"ಎಷ್ಟು ಹೊತ್ತು?"

"ನಾನು ಕೈ ಎತ್ತು ಅನ್ನೋವರೆಗೂ."

ಆಟ ಮತ್ತೆ ಶುರುವಾಯಿತು. ಅವನು ಕೋಚಿಗಾಗಿ ಕಾಯಲಿಲ್ಲ. ಬರುವ ದಾರಿಯಲ್ಲಿ ಹೆಗಲಿನ ಚೀಲ ತೆಗೆದು ಕೈಯಲ್ಲಿ ಹಿಡಿದುಕೊಂಡ, ಒಂದು ಸಲ ಭಾರ ನೋಡುವ ಹಾಗೆ ತೂಗಿದ.

"ಏಣಿ ಪಾದ ದೊಡ್ಡದು" ಎಂದ. "ಈ ಬೂಟು ಬೇರೆ ಯಾರಿಗಾದ್ರೂ ಆಗುತ್ತಾ ನೋಡ್ಬೇಕು."